ಗಿಣ್ಣಕ್ಕಿಂತ ಮೊದಲು ಹಾಕಬೇಕಿದ್ದ ಸೂಜಿ

ಕೂಡಿದ ಮಹಾಜನಗಳೇ! ಮುಂದೆ ಚಾಪೆಯ ಮೇಲೆ ಕುಳಿತ ಹಿರಿಯರೇ, ಹಿಂದೆ ಚಕ್ಕಡಿ ಏರಿ ನಿಂತ ತರುಣರೇ, ಮಾಳಿಗೆಯ ಅಂಚಿಗೆ ಕಾಲು ಇಳಿಬಿಟ್ಟು ಕುಳಿತ ತಾಯಂದಿರೇ! ಗದ್ದಲ ನಿಲ್ಲಲಿ, ಕೂಸುಗಳ ಬಾಯಿಗೆ ಬೆಲ್ಲ ಬೀಳಲಿ, ಪರದೆ ಏಳಲಿ!

ನೋಡು ಮಾಲತೇಶಾ, ಗೆಳೆಯಾ, ನಿನಗೊಬ್ಬನಿಗೇ ಪತ್ರ ಬರೆಯಲು ಕುಳಿತರೂ ನನ್ನ ಕೈ ಹೀಗೇ ಶುರು ಮಾಡುತ್ತದೆ. ಇಲ್ಲಿ ಚಾಪೆಯೂ ಇಲ್ಲ, ಚಕ್ಕಡಿಯೂ ಇಲ್ಲ. ಪಡಸಾಲೆಯಲ್ಲಿ ನಾನೊಬ್ಬನೇ ಇದ್ದೇನೆ. ಸಂಜೆಯ ಹಾಲು ಕರೆದಾಯಿತು. ಕರುವಿಗೆ ಕುಡಿಸಿ, ಉಳಿದ ಹಾಲನ್ನೆಲ್ಲ ತಿಪ್ಪೆಗೆ ಚೆಲ್ಲಿ ಬಂದೆ. ಹೌದು, ನಾನೇ ಚೆಲ್ಲಿದೆ, ನನ್ನ ಕೈಯಾರೆ. ನೀನು ಹೋಗಿ ವರ್ಷ ತುಂಬಿದ ಮೇಲೆ ಚೆಲ್ಲಿದೆ. ನೀನಿದ್ದಾಗ ಒಂದು ತಂಬಿಗೆ ಚೆಲ್ಲಿದ್ದರೆ...

ಮೊದಲಿನಿಂದ ಹೇಳುತ್ತೇನೆ. ನನಗೆ ಬೇರೆ ರೀತಿ ಹೇಳಲು ಬರುವುದಿಲ್ಲ.

ನನ್ನ ಮೊದಲ ರಾಜನ ಪಾತ್ರ ನೆನಪಿದೆಯೇ? ನಮ್ಮಪ್ಪ ಕಟ್ಟಿದ ಊರ ನಾಟಕದ ತಂಡ, ತಲೆಗೆ ದೊಡ್ಡದಾದ ಬಾಡಿಗೆಯ ಕಿರೀಟ. ಕತ್ತಿ ಹಿಡಿದು ಸಿಂಹಾಸನದಿಂದ ಎದ್ದೆ ನೋಡು, ಒಂದು ಮಾತೂ ನೆನಪಿಲ್ಲ! ಪರದೆಯ ಹಿಂದೆ ನೀನು ಬ್ಯಾಟರಿ ಹಿಡಿದು, ನಾಟಕದ ವಹಿ ಬಿಚ್ಚಿಕೊಂಡು ಕುಳಿತಿದ್ದೆ. ಪಿಸುದನಿಯಲ್ಲಿ ಎರಡು ಶಬ್ದ ಎತ್ತಿಕೊಟ್ಟೆ. ಉಳಿದದ್ದನ್ನು ನಾನು ಪಕ್ಕದೂರು ಅಗಡಿಯ ತನಕ ಕೇಳುವಂತೆ ಗರ್ಜಿಸಿದೆ. ಅಂದಿನಿಂದ ನಮ್ಮ ಹಂಚಿಕೆ ಅದೇ ಆಯಿತು. ಮಾತು ನಿನ್ನದು, ದನಿ ನನ್ನದು. ಚಪ್ಪಾಳೆಯಂತೂ ಪೂರಾ ನನ್ನದೇ. ನೀನು ದನದ ಡಾಕ್ಟರ್ ಆಗಿ ನಮ್ಮ ಸುತ್ತಲಿನ ಹಳ್ಳಿಗಳಿಗೇ ಬಂದ ಮೇಲೂ ವರ್ಷಕ್ಕೊಮ್ಮೆ ಪರದೆಯ ಹಿಂದೆ ಬಂದು ಕೂರುವುದನ್ನು ಬಿಡಲಿಲ್ಲ. ಮೂರು ಮಾರು ದೂರಕ್ಕೆ ಕೇಳದ ನಿನ್ನ ದನಿಯನ್ನು ನಂಬಿಯೇ ನಾನು ಇಪ್ಪತ್ತು ವರ್ಷ ರಾಜನಾದೆ.

ಚಂದ್ರಿ ಈಯಲು ಕಷ್ಟಪಟ್ಟ ದಿನ ನೀನು ಮೋಟರ್‌ಸೈಕಲ್ ಇಳಿದು ಕೊಟ್ಟಿಗೆಗೆ ಬಂದದ್ದು ಕಣ್ಣಿಗೆ ಕಟ್ಟಿದೆ. ನಮ್ಮ ಮನೆಯಲ್ಲೇ ಹುಟ್ಟಿ ಬೆಳೆದ ಆಕಳು, ಚೊಚ್ಚಲ ಬಸುರಿ. ನಸುಕಿನಿಂದ ತಿಣುಕಿ ತಿಣುಕಿ ಕಣ್ಣು ಮೇಲೆ ಮಾಡಿತ್ತು. ಹೆಂಡತಿ ನೀಲವ್ವ ಅದರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದಳು. ಅಂಗಳದ ತುಂಬ ಓಣಿಯ ಮಂದಿ.

"ಮುಂಜಾನಿಂದ ಎಷ್ಟ ಮಂದಿ ಕೈ ಹಾಕೀರಿ?" ಎಂದು ಕೇಳಿದೆ ನೀನು.

"ಮೂರ ಮಂದಿ. ನಾನು, ಫಕೀರಪ್ಪ ಕಾಕಾ, ಮತ್ತ ಮ್ಯಾಗಿನ ಮನಿ ಬಸ್ಯಾ."

"ಕೈ ತೊಳಕೊಂಡಿದ್ರಿ?"

"ಏ ಡಾಕ್ಟ್ರಾ," ಎಂದ ಫಕೀರಪ್ಪ ಕಾಕಾ, "ನಾವೇನ ಮದವಿ ಊಟಕ್ಕ ಹೊಂಟಿದ್ವೇನೋ? ಧೋತರಕ್ಕ ಒರಸ್ಕೊಂಡೇವಿ, ಸಾಕು!"

ಅಂಗಳ ನಕ್ಕಿತು. ನೀನು ನಗಲಿಲ್ಲ. ಒಳಗೆ ಕೈಯಾಡಿಸಿ ನೋಡಿ, ಕರು ಅಡ್ಡ ಬಿದ್ದಿದೆ, ಇನ್ನೂ ಜೀವವಿದೆ, ಹೊಟ್ಟೆ ಕೊಯ್ದೇ ತೆಗೆಯಬೇಕು ಎಂದೆ. ಎಡ ಪಕ್ಕೆಯ ಕೂದಲು ಬೋಳಿಸಿದೆ. ಸೋಪು ಹಚ್ಚಿ ತೊಳೆದೆ, ಕಂದು ಔಷಧ ಬಳಿದೆ. ನಿನ್ನ ಕೈಗಳನ್ನು ಮೊಣಕೈತನಕ ಮೂರು ಸಲ ತೊಳೆದೆ. ಮೂರು ಸಲ, ಮಾಲತೇಶಾ. ನೀರು ಹಾಕಿದವನು ನಾನೇ. ಆಮೇಲೆ ಚೀಲದಿಂದ ಒಂದು ಸೀಸೆ ತೆಗೆದೆ.

"ಮೊದಲ ಈ ಸೂಜಿ," ಎಂದೆ. "ಆ್ಯಂಟಿಬಯೋಟಿಕ್ ಐತಿ. ಚಾಕು ಒಳಗ ಹೋಗೂಕ್ಕಿಂತ ಮೊದಲ ಇದು ರಕ್ತದಾಗ ಇರಬೇಕು. ನಿಮ್ಮ ಮೂರೂ ಮಂದಿ ಕೈಯಾಗಿನ ಹೊಲಸ ಆಗಲೇ ಒಳಗ ಹೋಗೈತಿ. ಪರದೆ ಏಳೂಕ್ಕಿಂತ ಮೊದಲ ಕಾವಲುಗಾರ ನಿಂತಿರಬೇಕಲ್ಲೋ ಶಂಕ್ರಾ? ವೈರಿ ಬಂದ ಮ್ಯಾಲೆ ಅವಂಗ ಬಣ್ಣ ಹಚ್ಚಾಕ ಕುಂತ್ರ ಹೆಂಗ?"

ನನಗೆ ತಿಳಿಯಲೆಂದು ನಾಟಕದ ಭಾಷೆಯಲ್ಲೇ ಹೇಳಿದೆ. ತಿಳಿಯಿತು ಕೂಡ. ಆದರೆ ನಾನು ಕೇಳಿದ ಪ್ರಶ್ನೆ ಬೇರೆ.

"ಅದನ್ನ ಹಾಕಿದ್ರ ಹಾಲು?"

"ಸೂಜಿ ನಡದಷ್ಟು ದಿನ, ಮುಂದ ಮತ್ತ ಮೂರ-ನಾಕ ದಿನ, ಮಂದಿ ಕುಡಿಯೂ ಹಂಗಿಲ್ಲ. ಡೇರಿಗೂ ಹಾಕೂ ಹಂಗಿಲ್ಲ. ಕರಕ್ಕ ಕುಡಸು, ಉಳದದ್ದ ಚೆಲ್ಲು."

"ಮತ್ತ ಗಿಣ್ಣ?"

ಇನ್ನೊಂದು ಊರಿನವನಾಗಿದ್ದರೆ ನಗುತ್ತಿದ್ದ. ನೀನು ನಮ್ಮ ಓಣಿಯವನು, ನಿನಗೆ ಗೊತ್ತಿತ್ತು. ಚೊಚ್ಚಲ ಆಕಳು ಈದರೆ ಮೊದಲ ಹಾಲಿನ ಗಿಣ್ಣ ಓಣಿಯ ಪ್ರತಿ ಮನೆಗೂ ಹೋಗಬೇಕು. ತೆಗೆದುಕೊಂಡವರು ಬಟ್ಟಲು ತೊಳೆಯದೆ, ಒಂದು ಹಿಡಿ ಜೋಳ ಹಾಕಿ ಮರಳಿಸಬೇಕು. ಅಷ್ಟೂ ಬಟ್ಟಲು ತಿರುಗಿ ಬಂದರೆ ಆಕಳಿಗೆ ಆಯುಷ್ಯ. ಗಿಣ್ಣ ಹಂಚದ ಮನೆ ಎಂದು ಹೆಸರು ಬಿದ್ದರೆ ಮೊಮ್ಮಕ್ಕಳ ಕಾಲಕ್ಕೂ ಹೋಗುವುದಿಲ್ಲ. ನಾನೋ, ಹಿಂದಿನ ದಿನವೇ ತಾಲೀಮಿನಲ್ಲಿ ತೊಡೆ ತಟ್ಟಿ ಸಾರಿದ್ದೆ: ನಲವತ್ತು ಮನೆಗೂ ಗಿಣ್ಣ, ನಾಟಕದ ತಂಡಕ್ಕೆ ಬೇರೆ ಪಾತೇಲಿ!

"ನೋಡ್ರೆಪೋ ನೋಡ್ರಿ!" ಎಂದು ಅಂಗಳಕ್ಕೆ ಮುಖ ತಿರುಗಿಸಿ ನಿಂತೆ. "ಈ ಡಾಕ್ಟರ ಮಹಾಶಯ ನಿಮ್ಮ ಬಾಯಾಗಿನ ಗಿಣ್ಣ ಕಸ್ಕೊಳ್ಳಾಕ ಬಂದಾನ! ಕೊಡ್ತೀರೇನು?"

"ಕೊಡಂಗಿಲ್ಲಾ!" ಎಂದಿತು ಅಂಗಳ.

"ಶಂಕ್ರಾ, ಇದು ನಾಟಕ ಅಲ್ಲೋ," ಎಂದೆ ನೀನು. ನನ್ನೊಬ್ಬನಿಗೇ ಕೇಳುವಷ್ಟು ಮೆಲ್ಲಗೆ.

"ಮೊದಲ ಕರಾ ತಗಿ, ನಾ ಒಂದ ತಂಬಗಿ ಹಿಂಡಕೋತೀನಿ, ಆಮ್ಯಾಲೆ ನಿನ್ನ ಸೂಜಿ ಎಲ್ಲಿ ಬೇಕಾದಲ್ಲಿ ಚುಚ್ಚು. ಬೇಕಾದ್ರ ನನಗ ಚುಚ್ಚು!" ಎಂದು ಸೀಸೆ ಹಿಡಿದ ನಿನ್ನ ಕೈಗೂ ಚಂದ್ರಿಗೂ ನಡುವೆ ನಿಂತೆ. ಆರಡಿ ಆಳು, ಎದೆ ಸೆಟೆಸಿ. ನೀನು ನನ್ನನ್ನು ನೋಡಿದೆ, ಆಕಳನ್ನು ನೋಡಿದೆ. "ವಾದ ಮಾಡ್ಕೋತ ನಿಂತ್ರ ಎರಡೂ ಹೋಗ್ತಾವ," ಎಂದು ಸೀಸೆಯನ್ನು ಕೆಳಗಿಟ್ಟು ಚಾಕು ಎತ್ತಿಕೊಂಡೆ. ಅದು ನಿನ್ನ ತಪ್ಪೇ? ಅಷ್ಟು ವರ್ಷ ನನ್ನ ದನಿಗೆ ದಾರಿ ಬಿಟ್ಟು ರೂಢಿಯಾಗಿದ್ದವನು ಆ ಒಂದು ದಿನ ಹೇಗೆ ಅಡ್ಡ ನಿಲ್ಲಬೇಕಿತ್ತು?

ಹೊರಗೆ ಬಂದ ಹೆಣ್ಣು ಕರು ಸೀನಿದಾಗ ಎದ್ದ ಕೂಗು ನೆನಪಿದೆಯೇ? ನೀನು ಹೊಲಿಗೆ ಮುಗಿಸಿ ಬೆನ್ನು ನೆಟ್ಟಗೆ ಮಾಡುವುದರೊಳಗೆ ಹೊಸರಿತ್ತಿ ಕಡೆಯಿಂದ ಫೋನ್ ಬಂತು, ಯಾರದೋ ಎಮ್ಮೆಗೆ ಹೊಟ್ಟೆ ಉಬ್ಬರ. ನೀನು ನನ್ನ ಅಂಗೈಯಲ್ಲಿ ಎರಡು ಸೀಸೆ ಇಟ್ಟೆ.

"ಒಂದ ತಂಬಗಿ ಅಂದೀದಿ, ಒಂದ ತಂಬಗಿ ಕರಕೋ. ಕರದ ಕೂಡ್ಲೆ ಕಂಪೌಂಡರ್‌ಗ ಫೋನ್ ಹಚ್ಚು, ಬಂದು ಹಾಕ್ತಾನ. ಈಗೊಂದು, ನಾಳೆ ಮುಂಜಾನೆ ಒಂದು. ನಾಡದಿಂದ ನಾ ಬಂದು ಹಾಕ್ತೀನಿ, ಐದು ದಿನ ಪೂರಾ ಆಗಬೇಕು. ತಡಾ ಮಾಡಬ್ಯಾಡೋ ಶಂಕ್ರಾ. ತಡಾ ಆಗೇ ಬಿಟ್ಟೈತಿ."

ನಾನು ಸೀಸೆಗಳನ್ನು ಕೊಟ್ಟಿಗೆಯ ಗೋಡೆಯ ಮಾಡದಲ್ಲಿ, ದೀಪ ಇಡುವ ಗೂಡಿನಲ್ಲಿ ಇಟ್ಟೆ. ಒಂದು ತಂಬಿಗೆ ಹಾಲು ನಲವತ್ತು ಮನೆಗೆ ಎಲ್ಲಿ ಸಾಲಬೇಕು? ಸಂಜೆಯದೂ ಬೇಕೆನಿಸಿತು. ಮರುದಿನ ಮುಂಜಾನೆಯದೂ ಬೇಕೆನಿಸಿತು. ಕರುವಿಗೂ ಪೂರ್ತಿ ಬಿಡಲಿಲ್ಲ. ನೀಲವ್ವ ಒಲೆಯ ಮುಂದಿನಿಂದ ಎರಡು ಸಲ ಕೇಳಿದಳು, "ಆ ಸೂಜಿಯವಗ ಫೋನ್ ಮಾಡೀರೇನ್ರಿ?" ಮರುದಿನ ನೀನೇ ಫೋನ್ ಮಾಡಿದೆ. ಹಿಂದೆ ಬಸ್ಸಿನ ಸದ್ದು, ಎಲ್ಲೋ ದಾರಿಯಲ್ಲಿದ್ದೆ.

"ಹಾಕಿದ್ನೇನೋ?"

"ಹಾಕಿದಾ! ಎರಡೂ ಹಾಕಿದಾ! ನೀ ನಿಶ್ಚಿಂತಿ ಇರು!"

ಎಷ್ಟು ಸರಾಗವಾಗಿ ಬಂತು ನೋಡು ಆ ಮಾತು. ಯಾರೂ ಎತ್ತಿಕೊಡಬೇಕಾಗಲಿಲ್ಲ.

ಮೂರನೆಯ ದಿನ ನೀನು ಬಂದಾಗ ಓಣಿಯ ಬಟ್ಟಲುಗಳು ಇನ್ನೂ ಜೋಳ ತುಂಬಿಕೊಂಡು ಮರಳುತ್ತಿದ್ದವು. ಚಂದ್ರಿ ಮಾತ್ರ ಗೋದಲಿಯ ಕಡೆ ಮುಖ ಮಾಡಿರಲಿಲ್ಲ. ಮೆಲುಕು ನಿಂತಿತ್ತು. ಕಿವಿ ಮುಟ್ಟಿದರೆ ಕಾದ ಹಂಚು. ಹೊಲಿಗೆಯ ಸುತ್ತ ಬಾವು. ನೀನು ಕೆಳಗಿನ ಎರಡು ಹೊಲಿಗೆ ಬಿಚ್ಚಿದೆ, ಕೀವು ಸುರಿಯಿತು. ಆ ವಾಸನೆ ಅಂಗಳ ದಾಟಿ, ಗಿಣ್ಣ ಬೇಯುತ್ತಿದ್ದ ಒಲೆಯ ತನಕ ಹೋಯಿತು. ನೀನು ಮೂರು ದಿನ ಮುಂಜಾನೆ ಸಂಜೆ ಬಂದೆ. ತೊಳೆದೆ, ಸೂಜಿ ಹಾಕಿದೆ, ಸಲೈನ್ ಏರಿಸಿದೆ. ಆಗ ಹಾಕಿದ್ದು ಮೊದಲೇ ಹಾಕಿದಂತೆ ಆದೀತೇ? ಆರನೆಯ ದಿನ ಮುಂಜಾನೆ ಚಂದ್ರಿ ಕುತ್ತಿಗೆ ಚಾಚಿ ಮಲಗಿದ್ದು ಏಳಲಿಲ್ಲ. ಮೊದಲೇ ಸೂಜಿ ಹಾಕಿದ್ದರೆ ಬದುಕುತ್ತಿತ್ತೇ ಎಂದು ಕೇಳಿದರೆ ನೀನು ಏನೆನ್ನುತ್ತಿದ್ದೆ ಗೊತ್ತಿದೆ: "ಖಾತ್ರಿ ಹೇಳಾಕ ಬರೂದಿಲ್ಲೋ." ಅಷ್ಟೇ ಅನ್ನುತ್ತಿದ್ದೆ. ಆದರೆ ಇದ್ದ ಒಂದು ಆಸೆಯನ್ನು ಮಾಡದಲ್ಲಿಟ್ಟವನು ನಾನು.

ಸತ್ತ ಆಕಳಿನ ಸುತ್ತ ಮತ್ತೆ ಅದೇ ಮಂದಿ. ನೀನು ನನ್ನ ಹಿಂದೆ ಬಂದು ನಿಂತು, ಪರದೆಯ ಹಿಂದಿನ ಅದೇ ದನಿಯಲ್ಲಿ ಕೇಳಿದೆ: "ಶಂಕ್ರಾ, ಖರೇ ಹೇಳು. ಹಾಕಿಸಿದ್ದಿ ಹೌದಲ್ಲ?"

ನೀನು ಮಾತು ಎತ್ತಿಕೊಟ್ಟೆ, ಮಾಲತೇಶಾ. ನಾನು ಆಡಬೇಕಿದ್ದದ್ದು ಇಲ್ಲ ಎನ್ನುವ ಎರಡಕ್ಷರ. ನಾನು ಅದನ್ನು ಹಿಡಿಯಲಿಲ್ಲ.

"ಕೂಡಿದ ಮಹಾಜನಗಳೇ!" ಎಂದೆ. ಮನೆಯ ಮುಂದಿನ ಕಟ್ಟೆಯ ಮೇಲೆ ಹತ್ತಿದೆ. "ಈ ಕೈ ನೋಡ್ರಿ! ಚಂದ್ರಿ ಹೊಟ್ಟಿ ಬಗದ ಕೈ! ತೊಳೀಲಾರದ ಹೊಲಸ ಕೈ! ಈ ಕೈಗೆ ಚಾಕು ಕೊಟ್ಟವರ ಯಾರು? ಇನ್ನ ನಮ್ಮ ಓಣಿಯೊಳಗ ಈ ಕೈ ಯಾರ ಹಟ್ಟಿ ಬಾಗಲಾ ತಗೀತೈತಿ ನೋಡ್ತೀನಿ!"

ಯಾರೋ ಸಿಳ್ಳೆ ಹಾಕಿದರು. ಸತ್ತ ಆಕಳಿನ ಮುಂದೆ ಸಿಳ್ಳೆ! ನನ್ನ ಆಯುಷ್ಯದಲ್ಲಿ ಅಷ್ಟು ಚೆನ್ನಾಗಿ ಯಾವ ಮಾತೂ ಆಡಿರಲಿಲ್ಲ. ನೀನು ಕೊಟ್ಟಿಗೆಯೊಳಗೆ ಹೋಗಿ ಚೀಲ ತಂದೆ, ಗಾಡಿ ಒದ್ದು ಚಾಲೂ ಮಾಡಿದೆ, ಹೋದೆ. ಆ ಸಲದ ನಾಟಕಕ್ಕೆ ಪರದೆಯ ಹಿಂದೆ ಯಾರೂ ಕೂರಲಿಲ್ಲ. ನಾನು ಮೂರು ಕಡೆ ಮಾತು ಮರೆತೆ.

ನಮ್ಮ ಓಣಿಯ ಗಿರಿಜವ್ವನ ಕಣ್ಣುಗಳನ್ನು ನೀನು ನೋಡಲಿಲ್ಲ. ಅದೇ ಮಳೆಗಾಲ ಅವಳ ಆಕಳಿಗೂ ಕರು ಅಡ್ಡ ಬಿತ್ತು. ಡಾಕ್ಟರನ್ನು ಕರೆಯಿಸವ್ವಾ ಎಂದು ನೀಲವ್ವ ಹೋಗಿ ಬೇಡಿಕೊಂಡಳಂತೆ. ಗಿರಿಜವ್ವ ಒಪ್ಪಲಿಲ್ಲ. ಆಕಳು ಕರುವನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು ಸತ್ತಿತು. ನಾನು ಮಾತಾಡಿಸಲು ಹೋದರೆ ಅವಳು ನನ್ನನ್ನೇ ಸಮಾಧಾನ ಮಾಡಿದಳು: "ನೀವ ಹೇಳಿದ್ರೆಲ್ಲರಿ ಅಣ್ಣಾರ, ಆ ಹೊಲಸ ಕೈ ಹತ್ತಿದ್ರ ಹೆಂಗೂ ಸಾಯ್ತಿತ್ತು. ಕೊಯ್ಯಲಾರದ ಸತ್ತೈತಿ, ಅಷ್ಟ ಪುಣ್ಯೇ." ಆಮೇಲೆ ಇನ್ನೆರಡು ಮನೆಯಲ್ಲಿ ಹಾಗೇ ಆಯಿತು. ನನ್ನ ಮಾತನ್ನು ಕೂಸುಗಳು ಓಣಿಯಲ್ಲಿ ಆಡಿಕೊಂಡು ತಿರುಗುತ್ತಿದ್ದವು, ಕೈ ಮೇಲೆತ್ತಿ: "ಈ ಕೈ ನೋಡ್ರಿ!" ನಿನಗೆ ರಾಣೆಬೆನ್ನೂರು ಕಡೆ ವರ್ಗವಾಯಿತು. ನೀನೇ ಕೇಳಿಕೊಂಡೆಯೋ, ತಾನಾಗಿ ಬಂತೋ, ನಾನು ವಿಚಾರಿಸಲಿಲ್ಲ.

ನೀನು ಹೋದ ಸುದ್ದಿ ನನಗೆ ಸಿಕ್ಕಿದ್ದು ಬ್ಯಾಡಗಿಯ ಮಾರುಕಟ್ಟೆಯಲ್ಲಿ. ಮೆಣಸಿನಕಾಯಿ ಚೀಲಗಳ ನಡುವೆ ನಿಂತಿದ್ದೆ. ಪರಿಚಯದವನೊಬ್ಬ ಬಂದು, "ನಿಮ್ಮ ಮಾಲತೇಶ ಡಾಕ್ಟ್ರು ಎದಿ ಹಿಡದ ಹೋದ್ರಂತರಿ, ನಿನ್ನೆ," ಎಂದ. ಅಲ್ಲಿ ಎಲ್ಲರ ಕಣ್ಣಲ್ಲೂ ನೀರು, ಎಲ್ಲರಿಗೂ ಸೀನು. ಘಾಟು ಹಾಗಿರುತ್ತದೆ. ನನ್ನ ಕಣ್ಣಿನದು ಯಾವ ನೀರು ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ. ಬಸ್ಸು ಹತ್ತಿ ರಾಣೆಬೆನ್ನೂರಿಗೆ ಬಂದೆ. ನಿಲ್ದಾಣದಲ್ಲಿ ಇಳಿದು ಒಂದು ಚಹಾ ಕುಡಿದೆ. ನಿನ್ನ ಮನೆ ಎಲ್ಲಿ ಎಂದು ಕೇಳಬೇಕಿತ್ತು. ಈ ಇಷ್ಟೆತ್ತರದ ದನಿ ಹೊರಡಲಿಲ್ಲ. ಹಾವೇರಿಯ ಬಸ್ಸಿಗೆ ಕುಳಿತು ತಿರುಗಿ ಬಂದುಬಿಟ್ಟೆ. ಹಾಲುತುಪ್ಪಕ್ಕೂ ಬರಲಿಲ್ಲ.

ನಿನ್ನೆಯದನ್ನು ಕೇಳು. ಅಂದು ನೀನು ಹೊಟ್ಟೆಯಿಂದ ತೆಗೆದ ಕರು, ಪಾರಿ, ಬೆಳೆದು ತಾನೇ ಬಸುರಾಗಿತ್ತು. ನಿನ್ನೆ ಮುಂಜಾನೆ ಅದಕ್ಕೂ ಅದೇ ಗತಿ, ಕರು ಅಡ್ಡ. ನನ್ನನ್ನು ಕೇಳದೆಯೇ ನೀಲವ್ವ ದನದ ದವಾಖಾನೆಗೆ ಫೋನ್ ಮಾಡಿದ್ದಳು. ಬಂದವರು ಹೆಣ್ಣುಮಗಳು, ಹೊಸದಾಗಿ ಬಂದ ಡಾಕ್ಟರು. ಅವರು ಕೈ ತೊಳೆಯತೊಡಗಿದ್ದೇ ತಡ, ಹಲ್ಲಿಲ್ಲದ ಫಕೀರಪ್ಪ ಕಾಕಾ ಕಟ್ಟೆಯ ಮೇಲಿಂದ ಕೈ ಎತ್ತಿದ: "ಈ ಕೈ ನೋಡ್ರಿ! ತೊಳೀಲಾರದ ಹೊಲಸ ಕೈ!" ಅಂಗಳ ನಕ್ಕಿತು. ಆಕೆ ತಿರುಗಿ ನೋಡಿದರು.

"ಯಾರ್ ಹೇಳಿದ್ದ್ರಿ ಅಜ್ಜಾರ ಇದು?"

"ಇವನ ಹೇಳಿದ್ದವ್ವಾ! ನಮ್ಮ ಶಂಕ್ರ್ಯಾ! ಏನ ಹೇಳಿದ್ದ ಅಂತಿ ಅವತ್ತ, ಮೈಮ್ಯಾಲಿನ ಕೂದ್ಲ ನಿಂತಿದ್ವು!"

ಎಲ್ಲರೂ ನನ್ನತ್ತ ನೋಡಿದರು. ಆಗಲೇ ಹೇಳಿಬಿಡಬೇಕಿತ್ತಲ್ಲವೇ? ಬಾಯಿ ತೆರೆದೆ. ಬಂದದ್ದು ಇಷ್ಟೇ: "ಮೇಡಮ್‌ರ, ಸೂಜಿ ಮೊದಲ ಹಾಕ್ರಿ. ಚಾಕೂಕಿಂತ ಮೊದಲ." ಆಕೆಗೆ ಅಚ್ಚರಿ. "ಹೂಂರಿ, ಅದನ್ನ ತಗ್ಯಾಕತ್ತೇನಿ," ಎಂದರು. "ಹಾಲು ಚೆಲ್ಲಬೇಕಾಗ್ತದ, ತಯಾರದೀರಿ?" ಹಿಂದಿನಿಂದ ಯಾರೋ "ಮತ್ತ ಗಿಣ್ಣ?" ಎಂದರು. ನಾನು ತಿರುಗಿ ನೋಡಲಿಲ್ಲ. ಹಗ್ಗ ಹಿಡಿದು ನಿಂತೆ.

ಕರು ಬಂತು, ಹೊಲಿಗೆ ಆಯಿತು, ಮಂದಿ ಚದುರಿದರು. ಒಳಗೆ ಹೋದರೆ ನೀಲವ್ವ ಜೋಳದ ಮಡಕೆಯ ಹಿಂದಿನಿಂದ ಒಂದು ಅರಿವೆಯ ಗಂಟು ತೆಗೆದು ನನ್ನ ಮುಂದೆ ಬಿಚ್ಚಿದಳು. ಎರಡು ಸೀಸೆ, ಮುಚ್ಚಳ ಒಡೆದಿಲ್ಲ. ಚಂದ್ರಿ ಸತ್ತ ಗದ್ದಲ ಮುಗಿದು ನಾನು ಮಾಡದಲ್ಲಿ ಕೈಯಾಡಿಸಿದಾಗ ಅವು ಅಲ್ಲಿರಲಿಲ್ಲ. ಯಾರ ಕಣ್ಣಿಗೂ ಬೀಳದೆ ಹೇಗೋ ಕಳೆದುಹೋದವೆಂದು ಉಸಿರು ಬಿಟ್ಟಿದ್ದೆ.

"ನೀವು ಕಟ್ಟಿ ಮ್ಯಾಲ ಹತ್ತಿ ಒದರಾಕತ್ತಿದ್ರಿ," ಎಂದಳು. "ಅವರು ಚೀಲಾ ತಗೊಳ್ಳಾಕ ಕೊಟಗಿಗೆ ಬಂದ್ರು. ಮಾಡದಾಗ ಇವನ್ನ ನೋಡಿದ್ರು. ನಾ ಅಲ್ಲೇ ನಿಂತಿದ್ದೆ. ಕೈಯಾಗ ಹಿಡಕೊಂಡು ಹೊರಗ ಬಂದು ತೋರಿಸಿದ್ರ ನಿಮ್ಮ ನಾಟಕ ಅಲ್ಲೇ ಮುಗೀತಿತ್ತು. ತೋರಿಸಲಿಲ್ಲ. ನನ್ನ ಕೈಯಾಗ ಇಟ್ಟು, 'ವೈನಿ, ಇವನ್ನ ಒಳಗ ಇಡ್ರಿ. ಯಾರರ ನೋಡಿದ್ರ ಅವನ ಮಾನ ಹೋಗ್ತದ. ಅವಂಗೂ ಹೇಳಬ್ಯಾಡ್ರಿ,' ಅಂದ್ರು."

"ಇಷ್ಟ ವರ್ಷ ಯಾಕ ಹೇಳಲಿಲ್ಲ?"

"ಮಾತ ಕೊಟ್ಟಿದ್ದೆ. ಅವರು ಹೋದ ಮ್ಯಾಲೆ ಒಂದ ವರ್ಷ ಕಾದೆ, ನೀವ ಹೇಳ್ತೀರೇನೋ ಅಂತ. ಇವತ್ತ ಎಲ್ಲಾರೂ ನಿಮ್ಮ ಕಡೆ ನೋಡಿದ್ರು. ನೀವು ಹಗ್ಗ ನೋಡಿದ್ರಿ." ಆಮೇಲೆ ಒಲೆಯ ಕಡೆ ತಿರುಗಿ, "ಅಷ್ಟ ದೊಡ್ಡ ಗಂಟಲಾ ಕೊಟ್ಟಾನ ದೇವ್ರು," ಎಂದಳು, "ಒಂದ ಖರೇ ಮಾತು ಸಿಕ್ಕೊಳ್ಳಾಕ."

ಅಂದರೆ ನಿನಗೆ ಗೊತ್ತಿತ್ತು. ನನ್ನ ಮಾತಿಗೆ ಸಿಳ್ಳೆ ಬೀಳುವಾಗ ನನ್ನ ಸುಳ್ಳು ನಿನ್ನ ಅಂಗೈಯಲ್ಲಿತ್ತು. ಆಗಲೂ ನೀನು ಪರದೆಯ ಹಿಂದೆಯೇ ನಿಂತೆ. ಯಾಕೋ ಮಾಲತೇಶಾ? ನಾನು ಒಂದಿಲ್ಲೊಂದು ದಿನ ನೆನಪು ಮಾಡಿಕೊಂಡು ಹೇಳುತ್ತೇನೆಂದು ಕಾದೆಯೇನೋ? ರಾಣೆಬೆನ್ನೂರಿನಲ್ಲಿ ಕುಳಿತು ಕಾದೆಯೇನೋ? ಗಿರಿಜವ್ವನ ಆಕಳ ಸುದ್ದಿ ನಿನಗೆ ಮುಟ್ಟಿತ್ತೇ? ಮುಟ್ಟಿದ್ದರೆ...

ಸಾಕು. ಪಾರಿ ಇವತ್ತು ಎರಡು ಹಿಡಿ ಹುಲ್ಲು ತಿಂದಿದೆ. ಕಿವಿ ತಣ್ಣಗಿದೆ. ಮುಂಜಾನೆ ಎರಡನೆಯ ಸೂಜಿ ಆಯಿತು, ಇನ್ನೂ ಮೂರು ಉಳಿದಿವೆ. ಬದುಕುತ್ತದೆಂದು ಖಾತ್ರಿ ಹೇಳಲಾರೆ, ಅದನ್ನು ನಿನ್ನಿಂದಲೇ ಕಲಿತೆ.

ನಾಳೆ ಮುಂಜಾನೆ ಆರಕ್ಕೆ ಇಡೀ ಊರು ಹಾಲಿನ ಕ್ಯಾನು ಹಿಡಿದು ಡೇರಿಯ ಮುಂದೆ ಸಾಲು ನಿಂತಿರುತ್ತದೆ. ನಾನೂ ಪಾರಿಯ ಹಾಲು ಹಿಡಿದು ಹೋಗುತ್ತೇನೆ. ಕಟ್ಟೆ ಹತ್ತುವುದಿಲ್ಲ, ಮಹಾಜನಗಳೇ ಎನ್ನುವುದಿಲ್ಲ. ಸಾಲಿನಲ್ಲಿ ಗಿರಿಜವ್ವ ಎಲ್ಲಿ ನಿಂತಿರುತ್ತಾಳೋ ಅಲ್ಲಿಗೆ ಹೋಗಿ, ಎರಡು ಸೀಸೆಗಳನ್ನು ಅವಳ ಕೈಯಲ್ಲಿಟ್ಟು, ಡಾಕ್ಟರು ಕೈ ತೊಳೆದಿದ್ದರು, ಮೂರು ಸಲ, ಹೊಲಸು ಕೈ ನನ್ನದು ಎಂದು ಹೇಳುತ್ತೇನೆ. ಫಕೀರಪ್ಪ ಕಾಕಾನಿಗೆ ಕೇಳಿಸದಿದ್ದರೆ ಅವನ ಕಿವಿಯ ಹತ್ತಿರ ಹೋಗಿ ಹೇಳುತ್ತೇನೆ. ಅವರೆಲ್ಲರ ಕಣ್ಣ ಮುಂದೆ ಕ್ಯಾನು ಬೋರಲು ಹಾಕಿ ಹಾಲು ಚೆಲ್ಲುತ್ತೇನೆ. ಅವರು ಏನೆನ್ನುತ್ತಾರೋ ಅದನ್ನು ನಿಂತು ಪೂರ್ತಿ ಕೇಳಿಸಿಕೊಳ್ಳುತ್ತೇನೆ. ಏಳಕ್ಕೆ ಮೇಡಮ್‌ರು ಮೂರನೆಯ ಸೂಜಿಗೆ ಬರುತ್ತಾರೆ. ಅಷ್ಟರೊಳಗೆ ಮನೆಗೆ ಬಂದು, ಪಾರಿಯ ಹಗ್ಗ ಹಿಡಿದು ನಿಂತಿರುತ್ತೇನೆ.

ನಿನ್ನ,
ಶಂಕ್ರ